ನಸುಗುನ್ನಿ, ಸರ್ಪಗಂಧ ಮತ್ತು ನಡುಗುವ ಕೈ

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತಾ ಇದೆ. ನಿಮಗೂ ಬಂದಿರಬಹುದು. ಕೈ ನಡುಕಕ್ಕೆ ನಸುಗುನ್ನಿ ಬೀಜದ ಪುಡಿ ರಾಮಬಾಣವಂತೆ, ಪಾಶ್ಚಾತ್ಯರು ಮೊನ್ನೆ ಮೊನ್ನೆ ಕಂಡುಹಿಡಿದಿದ್ದನ್ನು ನಮ್ಮವರು ಸಾವಿರಾರು ವರ್ಷದ ಹಿಂದೆಯೇ ಬರೆದಿಟ್ಟಿದ್ದರಂತೆ. ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ. ಒಂದು ಗುಂಪು ಎದೆಯುಬ್ಬಿಸಿ ಹತ್ತು ಜನಕ್ಕೆ ಕಳಿಸುತ್ತೆ, ಇನ್ನೊಂದು ಗುಂಪು ನಕ್ಕು ಅಳಿಸಿಹಾಕುತ್ತೆ. ನಾನು ಸಾಮಾನ್ಯವಾಗಿ ಎರಡನೇ ಗುಂಪಿನವನು. ಆದರೆ ಮನೆಯಲ್ಲೇ ಒಬ್ಬರು ಆ ಪುಡಿ ತಿನ್ನಲು ಶುರು ಮಾಡಿದ್ದರಿಂದ ಈ ಸಲ ಕೂತು ಓದಬೇಕಾಯ್ತು. ಓದುತ್ತಾ ಹೋದ ಹಾಗೆ ಸಿಕ್ಕಿದ ಕತೆ ಎರಡೂ ಗುಂಪಿನವರು ಹೇಳೋದಕ್ಕಿಂತ ಚೆನ್ನಾಗಿದೆ. ಅದರಲ್ಲಿ ನಮ್ಮ ಗಿಡ ಒಂದಲ್ಲ, ಎರಡು ಬರುತ್ತವೆ. ಎರಡನೆಯದರ ಹೆಸರನ್ನು ಆ ಸಂದೇಶ ಎತ್ತುವುದೇ ಇಲ್ಲ!

ಮೊದಲು ರೋಗದ ಹೆಸರಿನಿಂದ ಶುರು ಮಾಡೋಣ. 1817ರಲ್ಲಿ ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿದ್ದ ಜೇಮ್ಸ್ ಪಾರ್ಕಿನ್ಸನ್ ಅನ್ನೋ ವೈದ್ಯ 'ನಡುಗುವ ಪಾರ್ಶ್ವವಾಯು' ಎಂಬ ಅರ್ಥದ ಒಂದು ಸಣ್ಣ ಪ್ರಬಂಧ ಪ್ರಕಟಿಸಿದ. ಅದರಲ್ಲಿದ್ದದ್ದು ಆರೇ ಆರು ಜನ ರೋಗಿಗಳು. ಅವರಲ್ಲೂ ಕೆಲವರು ಅವನಿಗೆ ಬೀದಿಯಲ್ಲಿ ಎದುರಾದವರು! ಬಾಗಿದ ಬೆನ್ನು, ಓಡುವಂಥ ಪುಟ್ಟ ಪುಟ್ಟ ಹೆಜ್ಜೆ, ಸುಮ್ಮನೆ ಇಟ್ಟ ಕೈ ತಾನಾಗಿಯೇ ನಡುಗುವುದು... ಎಲ್ಲವನ್ನೂ ನೋಡಿ ಬರೆದ. (ಆಸಾಮಿ ಬಹಳ ಸ್ವಾರಸ್ಯದವನು. ಪಳೆಯುಳಿಕೆ ಸಂಗ್ರಹಿಸುತ್ತಿದ್ದ, 'ಓಲ್ಡ್ ಹ್ಯೂಬರ್ಟ್' ಎಂಬ ಗುಪ್ತನಾಮದಲ್ಲಿ ಸರ್ಕಾರದ ವಿರುದ್ಧ ಕರಪತ್ರ ಬರೆಯುತ್ತಿದ್ದ, ರಾಜನ ಕೊಲೆ ಸಂಚಿನ ವಿಚಾರಣೆಯಲ್ಲಿ 1794ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ನಿಂತು ಉತ್ತರ ಕೊಟ್ಟು ಬಂದಿದ್ದ. ಅವನ ಬಗ್ಗೆಯೇ ಬೇರೆ ಬರೆಯಬೇಕು.)

ಅರ್ಧ ಶತಮಾನದ ನಂತರ ಪ್ಯಾರಿಸ್ಸಿನ ಶಾರ್ಕೋ ಈ ರೋಗಕ್ಕೆ ಪಾರ್ಕಿನ್ಸನ್ ಹೆಸರನ್ನೇ ಇಟ್ಟ. ಈ ರೋಗ ಇದ್ದವರೆಲ್ಲರೂ ನಡುಗಲೇಬೇಕಂತಿಲ್ಲ, ಹಾಗಾಗಿ 'ನಡುಗುವ' ಅನ್ನುವ ಹಳೆಯ ಹೆಸರು ಸರಿಯಿಲ್ಲ ಎಂದವನೂ ಅವನೇ. ವಿಶ್ರಾಂತಿಯಲ್ಲಿ ನಡುಗುವ ಕೈ ಬೇರೆ, ಕೆಲಸ ಮಾಡುವಾಗ ನಡುಗುವ ಕೈ ಬೇರೆ ಎಂದು ಒತ್ತಿ ಹೇಳಿದ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಗಾಡಿಯಲ್ಲೋ ರೈಲಿನಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಸ್ವಲ್ಪ ಹಾಯೆನಿಸುತ್ತೆ ಎಂದದ್ದನ್ನು ಕೇಳಿ ಶಾರ್ಕೋ ಒಂದು ಅಲುಗಾಡುವ ಕುರ್ಚಿಯನ್ನೇ ಮಾಡಿಸಿದ್ದನಂತೆ. ನಡುಕಕ್ಕೆ ನಡುಕವೇ ಮದ್ದು! 1919ರಲ್ಲಿ ಪ್ಯಾರಿಸ್ಸಿನಲ್ಲೇ ಟ್ರೆಟಿಯಾಕಾಫ್ ಎಂಬಾತ, ಈ ರೋಗಿಗಳ ಮಿದುಳಿನ ಬುಡದಲ್ಲಿರುವ 'ಸಬ್‌ಸ್ಟಾನ್ಷಿಯಾ ನೈಗ್ರಾ', ಅಂದರೆ 'ಕಪ್ಪು ವಸ್ತು' ಎಂಬ ಪುಟ್ಟ ಭಾಗದ ಕೋಶಗಳು ಸತ್ತಿರುತ್ತವೆ ಎಂದು ತೋರಿಸಿದ. ಆದರೆ ಆ ಕೋಶಗಳು ಬದುಕಿದ್ದಾಗ ಏನು ಕೆಲಸ ಮಾಡುತ್ತಿದ್ದವು? ಆಗ ಯಾರಿಗೂ ಗೊತ್ತಿರಲಿಲ್ಲ.

ಈಗ ನಸುಗುನ್ನಿಗೆ ಬರೋಣ. ಹಳ್ಳಿಯಲ್ಲಿ ಬೆಳೆದವರಿಗೆ ಇದರ ಪರಿಚಯ ಬೇಡ. ಬೇಲಿ ಮೇಲೆ ಹಬ್ಬುವ ಬಳ್ಳಿ, ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ಮುಗೀತು, ಚರ್ಮ ಕಿತ್ತುಹೋಗುವ ಹಾಗೆ ಕೆರೆತ. ಸಂಸ್ಕೃತದಲ್ಲಿ ಕಪಿಕಚ್ಛು, ಆತ್ಮಗುಪ್ತ. ಆಯುರ್ವೇದದಲ್ಲಿ ಇದರ ಬೀಜ ಬಲಕ್ಕೆ, ವಾಜೀಕರಣಕ್ಕೆ, ವಾತದ ತೊಂದರೆಗಳಿಗೆ ಬಳಕೆಯಲ್ಲಿತ್ತು. ನಡುಕದ ರೋಗಕ್ಕೂ ವೇಪಥು, ಕಂಪವಾತ ಎಂಬ ಹೆಸರುಗಳಿವೆ. ಇಷ್ಟು ನಿಜ.

ಈ ಬೀಜದಲ್ಲಿರುವ ಮುಖ್ಯ ರಾಸಾಯನಿಕ ಲೆವೊಡೋಪಾ. ಅದನ್ನು ಮೊದಲು ಸಸ್ಯದಿಂದ ಬೇರ್ಪಡಿಸಿದ್ದು 1913ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ಮಾರ್ಕುಸ್ ಗುಗೆನ್‌ಹೈಮ್ ಎಂಬ ರಸಾಯನಶಾಸ್ತ್ರಜ್ಞ ನಸುಗುನ್ನಿಯಿಂದಲ್ಲ, ಯುರೋಪಿನ ಬ್ರಾಡ್ ಬೀನ್ ಎಂಬ ಅವರೆಯಂಥ ಕಾಳಿನಿಂದ ತೆಗೆದ. ತಾನೇ 2.5 ಗ್ರಾಂ ನುಂಗಿ ನೋಡಿದ. ವಾಂತಿಯಾಯ್ತು. ಹೇಳಿಕೊಳ್ಳುವಂಥ ಉಪಯೋಗ ಕಾಣದೆ ವಿಷಯ ಅಲ್ಲಿಗೇ ಬಿತ್ತು. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ನಸುಗುನ್ನಿ ಬೀಜದಿಂದ ಅದೇ ವಸ್ತುವನ್ನು ಬೇರ್ಪಡಿಸಿ ಇಂಗ್ಲೆಂಡಿನ 'ಬಯೋಕೆಮಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದರು. ಅಂದರೆ ಔಷಧ 1913ರಿಂದ ಬಾಸೆಲ್‌ನ ಬಾಟಲಿಯಲ್ಲಿತ್ತು, 1937ರಿಂದ ಮದರಾಸಿನಲ್ಲೂ ಇತ್ತು. ಅದು ಪಾರ್ಕಿನ್ಸನ್ ಕಾಯಿಲೆಗೆ ಔಷಧ ಎಂದು ಮಾತ್ರ ಎರಡೂ ಕಡೆ ಯಾರಿಗೂ ಗೊತ್ತಿರಲಿಲ್ಲ. ನಸುಗುನ್ನಿ ಕೈಯಲ್ಲಿದ್ದರೆ ಸಾಲದು, ಮಿದುಳಿನಲ್ಲಿ ಏನು ಕಡಿಮೆಯಾಗಿದೆ ಅನ್ನೋದು ಗೊತ್ತಿರಬೇಕಿತ್ತು.

ಅದನ್ನು ಹೇಳಿಕೊಟ್ಟದ್ದು ಎರಡನೇ ಗಿಡ, ಸರ್ಪಗಂಧ. ಇದು ನಡುಕವನ್ನು ವಾಸಿ ಮಾಡುವ ಗಿಡ ಅಲ್ಲ, ನಡುಕ ತರಿಸುವ ಗಿಡ!

ಸರ್ಪಗಂಧದ ಬೇರು ಹುಚ್ಚಿಗೆ, ನಿದ್ರೆ ಬಾರದವರಿಗೆ ಕೊಡುವ ಮದ್ದಾಗಿ ನಮ್ಮ ನಾಟಿವೈದ್ಯದಲ್ಲಿ ಹಳೆಯದು. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಮಾನಸಿಕ ಕಾಯಿಲೆಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತೆ ಎಂದು ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು ಏರು ರಕ್ತದೊತ್ತಡದ 50 ರೋಗಿಗಳ ಫಲಿತಾಂಶವನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸೀಬಾ ಕಂಪನಿಯವರು (ಮತ್ತೆ ಅದೇ ಬಾಸೆಲ್!) ಬೇರಿನಿಂದ ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ರೆಸರ್ಪೀನ್ ಬಳಕೆಗೆ ಬಂತು. ಆಗ ಒಂದು ವಿಚಿತ್ರ ಕಾಣಿಸಿತು. ಡೋಸ್ ಹೆಚ್ಚಾದ ಕೆಲವು ರೋಗಿಗಳು ಬಿಗಿದುಕೊಂಡು, ನಿಧಾನವಾಗಿ, ಕೈ ನಡುಗುತ್ತಾ ಥೇಟ್ ಪಾರ್ಕಿನ್ಸನ್ ರೋಗಿಗಳ ಹಾಗೇ ಆಗುತ್ತಿದ್ದರು. ಮಾತ್ರೆ ನಿಲ್ಲಿಸಿದರೆ ಮತ್ತೆ ಸರಿ.

ನಮ್ಮ ಕಸುಬಿನಲ್ಲಿ ಯಾರೋ ಬರೆದಿಟ್ಟುಹೋದ ಹಳೇ ಕೋಡ್ ಕೈಗೆ ಬಂದಾಗ ಏನು ಮಾಡ್ತೀವಿ? ಒಂದು ಸಾಲನ್ನು ತೆಗೆದು ಓಡಿಸಿ ನೋಡ್ತೀವಿ, ಏನು ಕೆಡುತ್ತೆ ಅಂತ. ರೆಸರ್ಪೀನ್ ಮಿದುಳಿನಲ್ಲಿ ಮಾಡಿದ್ದು ಅದನ್ನೇ. ನರಕೋಶಗಳು ರಾಸಾಯನಿಕಗಳನ್ನು ತುಂಬಿಟ್ಟುಕೊಳ್ಳುವ ಉಗ್ರಾಣವನ್ನೇ ಅದು ಖಾಲಿ ಮಾಡಿಸುತ್ತೆ. ಯಾವ ಉಗ್ರಾಣ ಖಾಲಿಯಾದದ್ದಕ್ಕೆ ಹೀಗಾಯ್ತು?

ಸ್ವೀಡನ್ನಿನ ಲುಂಡ್‌ನಲ್ಲಿ ಆರ್ವಿಡ್ ಕಾರ್ಲ್‌ಸನ್ ಮತ್ತವರ ಸಂಗಡಿಗರು ಮೊಲಗಳಿಗೆ ರೆಸರ್ಪೀನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು, ಅಲುಗಾಡದೆ ಮುದ್ದೆಯಾಗಿ ಕೂತವು. ಆಮೇಲೆ ಡೋಪಾ ಚುಚ್ಚಿದರು. ಕಾಲು ಗಂಟೆಯಲ್ಲಿ ಕಿವಿ ನಿಮಿರಿತು, ಮೊಲಗಳು ಓಡಾಡತೊಡಗಿದವು. ಇದು 1957ರಲ್ಲಿ 'ನೇಚರ್'ನಲ್ಲಿ ಬಂತು. ಡೋಪಾ ಕೊಟ್ಟದ್ದರಿಂದ ನೊರಡ್ರಿನಲಿನ್ ತುಂಬಿಕೊಂಡಿರಬೇಕು ಎಂಬುದು ಮೊದಲ ಊಹೆ. ಅಳೆದು ನೋಡಿದರೆ ಅದು ತುಂಬಿರಲೇ ಇಲ್ಲ! ತುಂಬಿದ್ದು ಡೋಪಮೀನ್. ಅಲ್ಲಿಯವರೆಗೆ ಡೋಪಮೀನ್ ಎಂದರೆ ಬೇರೊಂದು ರಾಸಾಯನಿಕ ತಯಾರಾಗುವ ದಾರಿಯ ಒಂದು ಮೆಟ್ಟಿಲು ಅಷ್ಟೇ, ಅದಕ್ಕೇ ಒಂದು ಕೆಲಸ ಇದೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಲುಂಡ್‌ನ ಆ ಮೊಲಗಳಿಗೆ ಮಲಗಿಸಿದ ಮದ್ದು ನಮ್ಮ ಸರ್ಪಗಂಧದಲ್ಲಿತ್ತು, ಎಬ್ಬಿಸಿದ ಮದ್ದು ನಮ್ಮ ನಸುಗುನ್ನಿಯಲ್ಲಿತ್ತು. ಹಗ್ಗದ ಎರಡೂ ತುದಿ ನಮ್ಮ ಬೇಲಿಯಲ್ಲೇ ಇತ್ತು, ಗಂಟು ಬಿದ್ದದ್ದು ಲುಂಡ್‌ನಲ್ಲಿ. ಇದನ್ನು ಹೆಮ್ಮೆ ಅನ್ನಬೇಕೋ ಬೇಸರ ಅನ್ನಬೇಕೋ ನೀವೇ ಹೇಳಿ.

ಮುಂದಿನದು ವಿಯೆನ್ನಾದಲ್ಲಿ. ಒಲೆ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎರಿಂಗರ್ ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನ ತುಂಡುಗಳನ್ನು ಪರೀಕ್ಷಿಸಿದರು. ಡೋಪಮೀನ್ ಇದ್ದರೆ ಅಯೋಡಿನ್ ಹಾಕಿದಾಗ ಗುಲಾಬಿ ಬಣ್ಣ ಬರಬೇಕು. ಉಳಿದವರ ಮಿದುಳಿನ ಮಾದರಿಗೆ ಬಂತು. ಪಾರ್ಕಿನ್ಸನ್ ಮಾದರಿಗೆ ಬರಲೇ ಇಲ್ಲ ಎನ್ನುವಷ್ಟು ಕಡಿಮೆ. ದೊಡ್ಡ ಯಂತ್ರ ಗಿಂತ್ರ ಏನಿಲ್ಲ, ಬರಿಗಣ್ಣಿಗೇ ಕಾಣುವಂಥ ವ್ಯತ್ಯಾಸ. ಇದು 1960. ಮರುವರ್ಷವೇ ವೈದ್ಯ ಬಿರ್ಕ್‌ಮೇಯರ್ ರಕ್ತನಾಳಕ್ಕೆ ಲೆವೊಡೋಪಾ ಕೊಟ್ಟು ನೋಡಿದ. ಹಾಸಿಗೆಯಲ್ಲಿ ಎದ್ದು ಕೂರಲಾಗದವರು ಎದ್ದು ನಡೆದಾಡಿದರು. ಆದರೆ ಕೆಲವೇ ಗಂಟೆ. ಬೇರೆಯವರು ಮಾಡಿದಾಗ ಫಲಿತಾಂಶ ಒಮ್ಮೆ ಹೀಗೆ ಒಮ್ಮೆ ಹಾಗೆ, ಜೊತೆಗೆ ವಾಂತಿ. 1967ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಜಾರ್ಜ್ ಕೋಟ್ಜಿಯಾಸ್ ಒಂದು ಸರಳ ಉಪಾಯ ಮಾಡಿದ. ಬಾಯಿಯ ಮೂಲಕವೇ, ತೀರಾ ಸಣ್ಣ ಡೋಸ್‌ನಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ದಿನಕ್ಕೆ ಹಲವು ಗ್ರಾಂ ತನಕ ಏರಿಸಿದ. ಅಲ್ಲಿಗೆ ದಾರಿ ತೆರೆಯಿತು. 1970ರಲ್ಲಿ ಅಮೆರಿಕದಲ್ಲಿ ಲೆವೊಡೋಪಾಗೆ ಅನುಮತಿ ಸಿಕ್ಕಿತು. ಆಮೇಲೆ ವಾಂತಿ ತಡೆಯಲು ಕಾರ್ಬಿಡೋಪಾ ಸೇರಿಸಿದ ಮಾತ್ರೆ ಬಂತು. ಅದರ ಹೆಸರು ಸಿನೆಮೆಟ್, ಲ್ಯಾಟಿನ್ನಿನಲ್ಲಿ 'ವಾಂತಿ ಇಲ್ಲದೆ' ಎಂಬ ಅರ್ಥದಿಂದ ಹುಟ್ಟಿದ್ದು. 1913ರಲ್ಲಿ ಗುಗೆನ್‌ಹೈಮ್‌ಗೆ ಆದ ವಾಂತಿಗೆ ಇಷ್ಟು ವರ್ಷದ ಮೇಲೆ ಪರಿಹಾರ :-)

ಈ ಮಾತ್ರೆಯೂ ಪೂರ್ತಿ ಉತ್ತರವಲ್ಲ. ಸತ್ತ ಕೋಶಗಳನ್ನು ಅದು ಬದುಕಿಸುವುದಿಲ್ಲ. ವರ್ಷಗಳು ಕಳೆದಂತೆ ಒಂದು ಮಾತ್ರೆಯ ಪರಿಣಾಮ ಬೇಗ ಇಳಿಯುತ್ತೆ, ಮೈ ತಾನಾಗಿ ತಿರುಚಿಕೊಳ್ಳುವ ಅಡ್ಡಪರಿಣಾಮ ಶುರುವಾಗುತ್ತೆ. ಆದರೂ ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಬಂದಿಲ್ಲ.

ಹಾಗಾದರೆ ನಸುಗುನ್ನಿ ಪುಡಿ? ನಗುವವರೂ ಸ್ವಲ್ಪ ತಡೆಯಿರಿ. 1978ರಲ್ಲೇ ಮುಂಬಯಿಯ ವೈದ್ಯರು ಪಾರ್ಕಿನ್ಸನ್ ರೋಗಿಗಳಿಗೆ ಕಪಿಕಚ್ಛು ಕೊಟ್ಟು ಫಲಿತಾಂಶ ಪ್ರಕಟಿಸಿದ್ದರು. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ 30 ಗ್ರಾಂ ಪುಡಿ ಮಾಮೂಲಿ ಮಾತ್ರೆಗಿಂತ ಬೇಗ ಕೆಲಸ ಶುರು ಮಾಡಿತು, ಹೆಚ್ಚು ಹೊತ್ತು ನಿಂತಿತು. 2017ರಲ್ಲಿ ಬೊಲಿವಿಯಾದ 18 ರೋಗಿಗಳ ಪರೀಕ್ಷೆಯೂ ಪ್ರಕಟವಾಯ್ತು. ಮಾತ್ರೆ ಕೊಳ್ಳಲಾಗದ ದೇಶಗಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ಪುಡಿ ಕೆಲಸ ಮಾಡುತ್ತೆ ಅಂದರೆ ಅದರೊಳಗೆ ಲೆವೊಡೋಪಾ ಇದೆ ಅಂತ. ಅಂದಮೇಲೆ ಅದಕ್ಕೂ ಡೋಸ್ ಇದೆ, ಅಡ್ಡಪರಿಣಾಮ ಇದೆ, ಈಗಾಗಲೇ ಮಾತ್ರೆ ನುಂಗುವವರಿಗೆ ಎರಡೂ ಸೇರಿ ಹೆಚ್ಚಾಗುವ ಅಪಾಯವೂ ಇದೆ. ಒಂದು ಊರಿನ ಬೀಜದಲ್ಲಿರುವಷ್ಟೇ ಇನ್ನೊಂದು ಊರಿನ ಬೀಜದಲ್ಲಿರುವುದಿಲ್ಲ. ಗಿಡಮೂಲಿಕೆ, ಏನೂ ಆಗಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಈಗ ಮನೆಯ ವಿಷಯ. ಪುಡಿ ತಿನ್ನುತ್ತಿದ್ದವರು ನಮ್ಮ ದೊಡ್ಡಪ್ಪ, ಸಾಗರದ ಕಡೆಯವರು. ಸುಮಾರು ಹದಿನೈದು ವರ್ಷದಿಂದ ಅವರ ಕೈ ನಡುಗುತ್ತೆ. ಕೈ ಸುಮ್ಮನೆ ತೊಡೆಯ ಮೇಲಿದ್ದರೆ ಏನೂ ಇಲ್ಲ. ಲೋಟ ಎತ್ತಿದರೆ, ಪೆನ್ನು ಹಿಡಿದರೆ ಶುರು. ದೊಡ್ಡಮ್ಮ ಅವರಿಗೆ ಕಾಫಿಯನ್ನು ಅರ್ಧ ಲೋಟವೇ ಕೊಡೋದು, ಎರಡು ಸಲ. ಸಹಿ ಹೊಂದಲ್ಲ ಅಂತ ಒಂದು ಬ್ಯಾಂಕಿನವರು ಚೆಕ್ ವಾಪಸ್ ಕಳಿಸಿದ್ದರು. ಮದುವೆ ಮನೆಗಳಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟರು, ಚಮಚದಲ್ಲಿದ್ದ ಪಾಯಸ ಶಲ್ಯದ ಮೇಲೆ ಬೀಳುತ್ತೆ ಅಂತ. ಬೆನ್ನ ಹಿಂದೆ ಕುಡುಕ ಎಂದವರೂ ಇದ್ದಾರೆ. ಜೀವಮಾನದಲ್ಲಿ ಮುಟ್ಟಿದವರಲ್ಲ! ಉಳಿದವರೆಲ್ಲ "ವಯಸ್ಸಾಯ್ತಲ್ಲ ಮಾರಾಯ್ರೆ, ಇನ್ನೇನು" ಅಂತ ಮುಗಿಸಿಬಿಡೋರು. ಕೊನೆಗೆ ಯಾರೋ ಪಾರ್ಕಿನ್ಸನ್ ಇರಬಹುದು ಎಂದರು, ಸಂದೇಶ ಬಂತು, ಪುಡಿ ಬಂತು.

ಬೆಂಗಳೂರಿನಲ್ಲಿ ನರರೋಗ ತಜ್ಞರು ಮಾಡಿದ ಮೊದಲ ಪರೀಕ್ಷೆ ಒಂದು ಹಾಳೆಯ ಮೇಲೆ ಸುರುಳಿ ಬರೆಸಿದ್ದು. ಆಮೇಲೆ ಕೈ ಸಡಿಲ ಬಿಡಿಸಿ ನೋಡಿದ್ದು, ನಡೆಸಿದ್ದು. ಅದು ಪಾರ್ಕಿನ್ಸನ್ ಅಲ್ಲವೇ ಅಲ್ಲ. ಎಸೆನ್ಷಿಯಲ್ ಟ್ರೆಮರ್. ಶಾರ್ಕೋ ಒತ್ತಿ ಹೇಳಿದ ಅದೇ ವ್ಯತ್ಯಾಸ. ಅದು ಡೋಪಮೀನ್ ಕೊರತೆಯ ಕಾಯಿಲೆ ಅಲ್ಲ, ಆದ್ದರಿಂದ ಲೆವೊಡೋಪಾದಿಂದ, ಅಂದರೆ ನಸುಗುನ್ನಿಯಿಂದಲೂ, ಉಪಯೋಗವಿಲ್ಲ. ವಾಸ್ತವದಲ್ಲಿ ಪಾರ್ಕಿನ್ಸನ್‌ಗಿಂತ ಇದು ಹೆಚ್ಚು ಜನರಲ್ಲಿದೆ, ಎಷ್ಟೋ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತೆ. ದೊಡ್ಡಪ್ಪ ಆಗ ಕೇಳಿದ್ದು ಒಂದೇ ಪ್ರಶ್ನೆ, "ಅಂದ್ರೆ ಇದು ಮೈಯೆಲ್ಲಾ ಹಿಡ್ಕೊಂಡು ಹಾಸಿಗೆ ಹಿಡಿಸೋದಲ್ಲ ಅಲ್ವಾ ಡಾಕ್ಟ್ರೇ?" ಅಲ್ಲ ಎಂದರು. ಅಷ್ಟು ದಿನ ಮನಸ್ಸಲ್ಲಿ ಏನಿಟ್ಟುಕೊಂಡಿದ್ದರು ಅಂತ ನಮಗೆಲ್ಲ ಗೊತ್ತಾದದ್ದು ಆಗಲೇ.

ಎಸೆನ್ಷಿಯಲ್ ಟ್ರೆಮರ್‌ನ ಔಷಧ ಚರಿತ್ರೆ ಚಿಕ್ಕದು, ಸ್ವಲ್ಪ ಬೇಸರದ್ದು. ರಕ್ತದೊತ್ತಡದ ಮಾತ್ರೆ ಪ್ರೊಪ್ರನಲಾಲ್ ಇದಕ್ಕೂ ಆಗುತ್ತೆ ಎಂದು 1971ರಲ್ಲಿ ಗೊತ್ತಾಯ್ತು. ಮೂರ್ಛೆ ರೋಗದ ಮಾತ್ರೆ ಪ್ರಿಮಿಡೋನ್ ಕೂಡ ಆಗುತ್ತೆ ಎಂದು 1981ರಲ್ಲಿ. ಎರಡೂ ಬೇರೆ ಕಾಯಿಲೆಯವು. ಈ ನಡುಕಕ್ಕೆಂದೇ ಹುಡುಕಿ ಮಾಡಿದ್ದಲ್ಲ. ಇವತ್ತಿಗೂ ಮೊದಲು ಬರೆದುಕೊಡುವುದು ಇವೆರಡನ್ನೇ. 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ನಡುಕಗಳನ್ನು ಹೊಸದಾಗಿ ವಿಂಗಡಿಸಿತು. ಬೇರೆ ಲಕ್ಷಣಗಳಿಲ್ಲದೆ ಎರಡೂ ಕೈಗೆ ಕೆಲಸದ ನಡುಕ ಕನಿಷ್ಠ ಮೂರು ವರ್ಷ ಇದ್ದರೆ ಮಾತ್ರ ಆ ಹೆಸರು ಎಂದಿತು. ಇದು ಒಂದೇ ಕಾಯಿಲೆಯೋ, ಒಂದೇ ಥರ ಕಾಣುವ ಹಲವು ಕಾಯಿಲೆಗಳೋ ಎನ್ನುವ ಚರ್ಚೆ ಮುಗಿದಿಲ್ಲ.

ಔಷಧ ಸಿಗದ ಕಡೆ ದಾರಿ ಮಾಡಿದ್ದು ಸರ್ಜನ್‌ಗಳು. ಅದೂ ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವಾಗ ಒಂದು ರಕ್ತನಾಳ ಹರಿಯಿತು. ಕಟ್ಟಿ ನಿಲ್ಲಿಸಿ, ಶಸ್ತ್ರಚಿಕಿತ್ಸೆ ಅರ್ಧಕ್ಕೇ ಬಿಟ್ಟ. ರೋಗಿ ಎಚ್ಚರವಾದಾಗ ನಡುಕವೇ ಇಲ್ಲ! ಇಂಥ ಅನುಭವಗಳಿಂದ ಮಿದುಳಿನ ಥಲಾಮಸ್ ಭಾಗದಲ್ಲಿ ಒಂದು ಚುಕ್ಕೆಯಷ್ಟು ಜಾಗ ಸುಟ್ಟರೆ ನಡುಕ ನಿಲ್ಲುತ್ತೆ ಎಂಬುದು ಗಟ್ಟಿಯಾಯ್ತು. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ. ಎಂಜಿನಿಯರಿಂಗ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಇದು ಸುತ್ತಿಕೊಂಡು ಬರುವ ಒಂದು ಲೂಪ್, ಅದು ತನ್ನಷ್ಟಕ್ಕೆ ಆಂದೋಲನಕ್ಕೆ ಬಿದ್ದಿದೆ. ಎಲ್ಲಾದರೂ ಒಂದು ಕಡೆ ಲೂಪ್ ಕತ್ತರಿಸಿದರೆ ಆಂದೋಲನ ನಿಲ್ಲುತ್ತೆ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಬಿದ್ (ಈತ ಭೌತಶಾಸ್ತ್ರದಲ್ಲೂ ಡಾಕ್ಟರೇಟ್ ಪಡೆದವರು) ಸುಡುವ ಮೊದಲು ಜಾಗ ಸರಿಯಿದೆಯೇ ಎಂದು ತಂತಿಯಿಂದ ಸಣ್ಣ ವಿದ್ಯುತ್ ಕೊಟ್ಟು ನೋಡುತ್ತಿದ್ದರು. ಸುಮಾರು 100 ಹರ್ಟ್ಸ್‌ಗೆ ಏರಿಸಿದಾಗ ನಡುಕ ನಿಂತುಹೋಯ್ತು. ಸ್ವಿಚ್ ಆರಿಸಿದರೆ ಮತ್ತೆ ಬಂತು. ಹಾಗಿದ್ದ ಮೇಲೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಡಬಹುದಲ್ಲ? ಅಲ್ಲಿಂದ ಬಂದದ್ದೇ ಡೀಪ್ ಬ್ರೇನ್ ಸ್ಟಿಮ್ಯುಲೇಷನ್. ನಡುಕಕ್ಕೆ ಅಮೆರಿಕದ ಎಫ್‌ಡಿಎ ಅನುಮತಿ 1997ರಲ್ಲಿ ಸಿಕ್ಕಿತು. ನಮ್ಮ ಬೆಂಗಳೂರಿನಲ್ಲೂ ಮಾಡುತ್ತಾರೆ. 2025ರ ಫೆಬ್ರವರಿಯಲ್ಲಿ ಪಾರ್ಕಿನ್ಸನ್‌ಗೆ ಇನ್ನೊಂದು ಮೆಟ್ಟಿಲು ಬಂತು. ತಂತಿ ಮಿದುಳಿನ ಸಂಕೇತವನ್ನು ತಾನೇ ಓದಿ, ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ ವಿದ್ಯುತ್ ಕೊಡುವ ವ್ಯವಸ್ಥೆಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಫೀಡ್‌ಬ್ಯಾಕ್ ಕಂಟ್ರೋಲ್! ಆರನೇ ಸೆಮಿಸ್ಟರ್‌ನಲ್ಲಿ ನಿದ್ದೆ ಮಾಡಿದ ವಿಷಯ.

ಎಸೆನ್ಷಿಯಲ್ ಟ್ರೆಮರ್‌ಗೆ ಇನ್ನೊಂದು ದಾರಿ 2016ರಿಂದ ಇದೆ. ತಲೆಬುರುಡೆ ಕೊರೆಯುವುದೇ ಬೇಡ. ತಲೆ ಬೋಳಿಸಿ, 1024 ಪುಟ್ಟ ಶಬ್ದಮೂಲಗಳಿರುವ ಹೆಲ್ಮೆಟ್ ಹಾಕಿ ಎಂಆರ್‌ಐ ಒಳಗೆ ಮಲಗಿಸುತ್ತಾರೆ. ಎಲ್ಲ ಮೂಲಗಳ ಅಲ್ಟ್ರಾಸೌಂಡ್ ಥಲಾಮಸ್‌ನ ಅದೇ ಚುಕ್ಕೆಯಲ್ಲಿ ಸೇರಿ ಅಲ್ಲಿ ಮಾತ್ರ ಬಿಸಿಯಾಗುತ್ತೆ. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟ ಹಾಗೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮಧ್ಯೆ ಮಧ್ಯೆ ಸುರುಳಿ ಬರೆಸಿ ನೋಡುತ್ತಾರೆ. ಮೊದಲು ಒಂದು ಕೈಗೆ ಮಾತ್ರ ಅನುಮತಿ ಇತ್ತು, 2022ರಿಂದ ಬೇರೆ ಬೇರೆ ದಿನ ಎರಡೂ ಬದಿಗೆ ಮಾಡಲು ಒಪ್ಪಿಗೆಯಿದೆ. ಕೆಲವರಿಗೆ ನಡಿಗೆಯಲ್ಲಿ ತೂಗಾಟ, ಜೋಮು ಉಳಿಯುತ್ತೆ. ಸುಟ್ಟದ್ದನ್ನು ವಾಪಸ್ ಪಡೆಯಲಾಗದು, ತಂತಿಯನ್ನಾದರೆ ಆರಿಸಬಹುದು. ನಮ್ಮ ದೊಡ್ಡಪ್ಪ ಎರಡೂ ಬೇಡ ಎಂದು ಪ್ರೊಪ್ರನಲಾಲ್‌ನಲ್ಲೇ ಇದ್ದಾರೆ. ಲೋಟ ಈಗ ಮುಕ್ಕಾಲು ತುಂಬುತ್ತೆ.

"ವಯಸ್ಸಾಯ್ತು ಅಷ್ಟೇ" ಅನ್ನುವ ಮಾತಿಗೆ ಬರುತ್ತೇನೆ, ಯಾಕೆಂದರೆ ಪಾರ್ಕಿನ್ಸನ್‌ನ ಮಟ್ಟಿಗೆ ಇದನ್ನು ಪರೀಕ್ಷೆ ಮಾಡಿದವರು ನಮ್ಮ ಬೆಂಗಳೂರಿನವರೇ. 1998ರಲ್ಲಿ ನಿಮ್ಹಾನ್ಸ್‌ನ ಸಂಶೋಧಕರು ನರರೋಗವಿಲ್ಲದೆ ತೀರಿಕೊಂಡ ಭಾರತೀಯರ ಮಿದುಳಿನಲ್ಲಿ ಆ 'ಕಪ್ಪು ವಸ್ತು'ವಿನ ಕೋಶಗಳನ್ನು ಎಣಿಸಿದರು. ಬ್ರಿಟನ್ನಿನವರ ಮಿದುಳಿಗಿಂತ ನಮ್ಮವರಲ್ಲಿ ಆ ಕಪ್ಪು ಕೋಶಗಳ ಸಂಖ್ಯೆಯೇ ಕಡಿಮೆ. ಆದರೆ ವಯಸ್ಸಾದಂತೆ ಅವು ಇನ್ನಷ್ಟು ಕಡಿಮೆಯಾಗುತ್ತಾ ಹೋಗಿರಲಿಲ್ಲ. ಅಂದರೆ ಮುಪ್ಪು ಬೇರೆ, ಪಾರ್ಕಿನ್ಸನ್ ಬೇರೆ. ಕೋಶಗಳನ್ನು ಕೊಲ್ಲುವುದು ಬೇರೆ ಏನೋ. ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟಾಗುವುದು ಅದರ ಮುಖ್ಯ ಸುಳಿವು ಎಂದು 1997ರಿಂದ ಗೊತ್ತಿದೆ. 2023ರಲ್ಲಿ ಬೆನ್ನುಹುರಿಯ ದ್ರವದಲ್ಲಿ ಆ ಪ್ರೋಟೀನನ್ನು ಪತ್ತೆಹಚ್ಚುವ ಪರೀಕ್ಷೆಯ ದೊಡ್ಡ ಅಧ್ಯಯನ ಬಂತು, ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು 88% ಜನರಲ್ಲಿ ಅದು ಸಿಕ್ಕಿತು. 2025ರ ಏಪ್ರಿಲ್‌ನಲ್ಲಿ, ಕಾಂಡಕೋಶಗಳಿಂದ ಬೆಳೆಸಿದ ಡೋಪಮೀನ್ ಕೋಶಗಳನ್ನು ರೋಗಿಗಳ ಮಿದುಳಿಗೆ ನೆಟ್ಟ ಎರಡು ವರದಿಗಳು 'ನೇಚರ್'ನಲ್ಲಿ ಒಟ್ಟಿಗೆ ಬಂದವು. ಒಂದರಲ್ಲಿ 12 ಜನ, ಕ್ಯೋಟೋದ ಇನ್ನೊಂದರಲ್ಲಿ 7 ಜನ. ಸುರಕ್ಷಿತವೇ ಎಂದು ನೋಡುವ ಮೊದಲ ಹಂತ, ಅಷ್ಟೇ. ಕಾಯಿಲೆಯ ಓಟವನ್ನೇ ನಿಧಾನಿಸುವ ಔಷಧ ಇನ್ನೂ ಇಲ್ಲ.

ಎಸೆನ್ಷಿಯಲ್ ಟ್ರೆಮರ್‌ಗೆ ಇಷ್ಟೂ ಇಲ್ಲ. ಯಾವ ಕೋಶ ಸತ್ತಿದೆ, ಸತ್ತೇ ಇದೆಯೇ ಎಂಬುದರ ಬಗ್ಗೆಯೇ ಒಮ್ಮತ ಬಂದಿಲ್ಲ. ಅನುಮಾನ ಇರುವುದು ಕಿರುಮಿದುಳಿನ ಕಡೆಗೆ. ಅದು ತಿಳಿಯಬೇಕಾದರೆ ವಿಯೆನ್ನಾದಲ್ಲಿ ಆದ ಹಾಗೆ ನಡುಕ ಇದ್ದವರ ಮತ್ತು ಇಲ್ಲದವರ ಮಿದುಳುಗಳನ್ನು ತೀರಿಕೊಂಡ ಮೇಲೆ ಹೋಲಿಸಿ ನೋಡಬೇಕು. ಕಣ್ಣು ದಾನಕ್ಕೆ ಬರೆದುಕೊಟ್ಟವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಮಿದುಳನ್ನೂ ಹಾಗೆ ಕೊಡಬಹುದು, ಅದಕ್ಕೆಂದೇ ನಿಮ್ಹಾನ್ಸ್‌ನಲ್ಲಿ ಒಂದು ಮಿದುಳು ಬ್ಯಾಂಕು 1995ರಿಂದ ಇದೆ. ದೊಡ್ಡಪ್ಪನಿಗೆ ಹೇಳಿದಾಗ "ಅಲ್ಲಿ ಸಹಿ ಕೇಳ್ತಾರಾ?" ಅಂತ ಕೇಳಿದರು.